ಟೇಪು ಹೇಳ್ತು, ತಕ್ಕಡಿ ಹೇಳ್ತು, ಮೀಟರೂ ಹೇಳ್ತು: ನಾಲ್ಕೂವರೆ ವರ್ಷದ ಪುಟ್ಟಿಯ ಸಕ್ಕರೆ ಕಾಯಿಲೆ ಪತ್ತೆಯಾದ ಪ್ರಕರಣ

ನಾನು ಜಿಲ್ಲಾ ಮಟ್ಟದ ಒಂದು ಆಸ್ಪತ್ರೇಲಿ ಮಕ್ಕಳ ವಾರ್ಡಿನ ಸ್ಟಾಫ್ ನರ್ಸ್. ಇಲ್ಲಿ ಬರೀತಿರೋದು ಒಂದೇ ಒಂದು ಮಗುವಿನ ವಿಷಯ. ಅಪ್ಪ ಅಮ್ಮ ಇಬ್ರೂ "ಬರೀರಿ ಸಿಸ್ಟರ್, ಬೇರೆ ಮಕ್ಕಳಿಗಾದ್ರೂ ಬೇಗ ಗೊತ್ತಾಗ್ಲಿ" ಅಂತ ಒಪ್ಪಿಗೆ ಕೊಟ್ಟಿದ್ದಾರೆ, ಆದ್ರೂ ಹೆಸರು, ಊರು, ತಾಲ್ಲೂಕು, ವರ್ಷ ಯಾವುದೂ ಹಾಕಿಲ್ಲ, ಗುರುತು ಸಿಗೋ ಅಂಥ ಒಂದೆರಡು ವಿವರ ಬದಲಾಯಿಸಿದ್ದೀನಿ. ಮಗೂನ ಪುಟ್ಟಿ ಅಂತ ಕರೀತೀನಿ.

ಬಯಲುಸೀಮೆ ಕಡೆ ಹಳ್ಳಿ. ಅಪ್ಪ ಟ್ರ್ಯಾಕ್ಟರ್ ಓಡಿಸ್ತಾರೆ, ಅಮ್ಮ ಮನೇಲೇ ಟೈಲರಿಂಗ್ ಮಾಡ್ತಾರೆ, ಜೊತೆಗೆ ತಾತ ಅಜ್ಜಿ. ತಾತಂಗೆ ಹನ್ನೆರಡು ವರ್ಷದಿಂದ ಶುಗರ್, ಮಾತ್ರೇಲಿ ಇದ್ದಾರೆ, ಅವ್ರದ್ದೇ ಒಂದು ಗ್ಲುಕೋಮೀಟರ್ ಟಿವಿ ಸ್ಟ್ಯಾಂಡಿನ ಕೆಳಗೆ ಒಂದು ಹಳೇ ಬಿಸ್ಕೆಟ್ ಡಬ್ಬೀಲಿ ಇತ್ತು. ಈ ಡಬ್ಬಿ ವಿಷಯ ಮುಂದೆ ಬರುತ್ತೆ. ಪುಟ್ಟಿ ಹುಟ್ಟಿದಾಗಿಂದ ಆರೋಗ್ಯವಾಗೇ ಇದ್ದ ಮಗು, ಮೂರು ವರ್ಷಕ್ಕೇ ರಾತ್ರಿ ಹಾಸಿಗೆ ಒದ್ದೆ ಮಾಡೋದು ನಿಂತಿತ್ತು, ಹಗಲು ಅಂಗನವಾಡಿಗೆ ಹೋಗ್ತಿದ್ಲು.

ಶಿವರಾತ್ರಿ ಹೊತ್ತಿಗೆ ಅಮ್ಮ ಯುಗಾದಿಗೆ ಅಂತ ಒಂದು ರೇಷ್ಮೆ ಲಂಗ ಹೊಲಿಯೋಕೆ ಅಳತೆ ತಗೊಂಡ್ರು, ಅಳತೆ ಪುಸ್ತಕದಲ್ಲಿ ಸೊಂಟ 20 ಇಂಚು ಅಂತ ಬರೆದಿತ್ತು, ಆ ಪುಸ್ತಕ ನಾನು ಆಮೇಲೆ ಕಣ್ಣಾರೆ ನೋಡಿದ್ದೀನಿ. ಅದಾಗಿ ಹೆಚ್ಚು ಕಮ್ಮಿ ಒಂದು ವಾರಕ್ಕೆ ಪುಟ್ಟಿ ಮತ್ತೆ ಹಾಸಿಗೇಲಿ ಉಚ್ಚೆ ಮಾಡ್ಕೊಳ್ಳೋಕೆ ಶುರು ಮಾಡಿದ್ಲು. ದಿನ ಎಣಿಸೋದು ನಾನು ಅಲ್ಲಿಂದ. ಮೊದಲ ನಾಲ್ಕೈದು ದಿನ ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ. ಬಿಸಿಲು ಏರ್ತಿತ್ತು, ಮಗು ನೀರು ಜಾಸ್ತಿ ಕುಡೀತಿತ್ತು, ಜಾಸ್ತಿ ಕುಡಿದ್ರೆ ಜಾಸ್ತಿ ಹೋಗುತ್ತೆ, ಇಷ್ಟೇ ಲೆಕ್ಕ. ಅಜ್ಜಿ "ಮಗಾ ಏನೋ ಹೆದರ್ಕೊಂಡೈತೆ" ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದ್ರು.

ಆರನೇ ದಿನಕ್ಕೆ ಅಮ್ಮ ಒಂದು ತೀರ್ಮಾನ ತಗೊಂಡ್ರು, ಸಂಜೆ ಆರರ ಮೇಲೆ ನೀರು ಕೊಡೋದು ಬೇಡ ಅಂತ. ಯಾವ ಮನೇಲಾದ್ರೂ ಹಿಂಗೇ ಮಾಡ್ತಾರೆ, ಹಾಸಿಗೆ ಒದ್ದೆ ಮಾಡೋ ಮಗೂಗೆ ರಾತ್ರಿ ನೀರು ಕಮ್ಮಿ ಮಾಡೋದು ನಮ್ಮಲ್ಲಿ ಎಲ್ರಿಗೂ ಗೊತ್ತಿರೋ ಉಪಾಯ. ಆದ್ರೆ ಒಂದು ರಾತ್ರಿ ಬಚ್ಚಲಲ್ಲಿ ಶಬ್ದ ಆಯ್ತು ಅಂತ ಅಮ್ಮ ಎದ್ದು ಹೋಗಿ ಲೈಟ್ ಹಾಕಿದ್ರೆ ಪುಟ್ಟಿ ಹಂಡೆ ಪಕ್ಕದ ಬಕೆಟ್ಟಿಗೆ ಬಗ್ಗಿ ಮಗ್ಗಲ್ಲಿ ನೀರು ಮೊಗೆದು ಕುಡೀತಿದ್ಲಂತೆ, ಗಟಗಟ ಅಂತ, ಉಸಿರು ತಗೊಳ್ಳೋಕೂ ನಿಲ್ಸದೆ. ಅಮ್ಮ ಸಿಟ್ಟಲ್ಲಿ ಬೆನ್ನಿಗೆ ಒಂದು ಏಟು ಕೊಟ್ರು. ಇದನ್ನ ನಂಗೆ ಹೇಳುವಾಗ ಅವ್ರು ಅತ್ತಿದ್ದು ನಂಗೆ ಇವತ್ತಿಗೂ ಮರೆತಿಲ್ಲ.

ಇಲ್ಲಿ ಸ್ವಲ್ಪ ನಿಂತು ಹೇಳ್ಬೇಕು. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದ್ರೆ ಮೂತ್ರಪಿಂಡ ಅದನ್ನ ಹಿಡಿದಿಟ್ಕೊಳ್ಳೋಕಾಗದೆ ಮೂತ್ರಕ್ಕೆ ಬಿಡುತ್ತೆ, ಸಕ್ಕರೆ ಹೋಗುವಾಗ ಮೈಯಿನ ನೀರನ್ನೂ ಎಳ್ಕೊಂಡು ಹೋಗುತ್ತೆ. ಅಂದ್ರೆ ಮಗು ನೀರು ಕುಡಿದಿದ್ದಕ್ಕೆ ಉಚ್ಚೆ ಜಾಸ್ತಿ ಆಗ್ತಿರಲಿಲ್ಲ, ಉಚ್ಚೆ ಜಾಸ್ತಿ ಹೋಗಿ ಮೈ ಒಣಗ್ತಿದ್ದಕ್ಕೆ ನೀರು ಕುಡೀತಿತ್ತು. ಈ ಒಂದು ಲೆಕ್ಕ ತಿರುಗಾಮುರುಗಾ ಆಗಿದ್ದಕ್ಕೇ ಮುಂದಿನದೆಲ್ಲ ಆಯ್ತು ಅಂತ ನಂಗನ್ಸುತ್ತೆ. ಒಂದು ಸಲ ನಿಂತು ಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದ್ರೆ, ಅದರ ಜೊತೆ ರಾತ್ರಿ ಎದ್ದು ನೀರು ಕೇಳಿದ್ರೆ, ಅದನ್ನ ಹಟ, ಹೆದರಿಕೆ, ಬಿಸಿಲು ಅಂತ ಅನ್ಕೊಳ್ಳೋಕೆ ಮುಂಚೆ ಒಂದು ಹನಿ ರಕ್ತ ನೋಡ್ಬೇಕು. ಇನ್ನೂ ಡೈಪರ್ ಹಾಕೋ ಕೂಸಾದ್ರೆ ಡೈಪರ್ ಪದೇ ಪದೇ ತುಂಬಿ ಭಾರ ಆಗೋದು, ತೊಡೆ ಸಂದೀಲಿ ಏನು ಹಚ್ಚಿದ್ರೂ ವಾಸಿಯಾಗದ ಫಂಗಸ್ ಗಾಯ, ಇವೂ ಅದೇ ಸೂಚನೆ.

ಹನ್ನೊಂದನೇ ದಿನ ಹೋಬಳಿ ಊರಿನ ಒಂದು ಕ್ಲಿನಿಕ್ಕಿಗೆ ಕರ್ಕೊಂಡು ಹೋದ್ರು. ಡಾಕ್ಟ್ರು ಮೂತ್ರದ ಸೋಂಕು ಇರ್ಬಹುದು ಅಂತ ಆಂಟಿಬಯಾಟಿಕ್ ಸಿರಪ್ ಕೊಟ್ಟು, ಯೂರಿನ್ ಟೆಸ್ಟ್ ಮಾಡಿಸ್ಕೊಂಡು ಬನ್ನಿ ಅಂತ ಚೀಟೀನೂ ಬರೆದ್ರು. ಅವ್ರ ಊಹೆ ತಪ್ಪೇನಲ್ಲ, ಪದೇ ಪದೇ ಉಚ್ಚೆಗೆ ಹೋಗೋ ಹೆಣ್ಣು ಮಗೂಲಿ ಮೊದಲು ಸೋಂಕೇ ನೆನಪಾಗೋದು. ಲ್ಯಾಬು ಮಧ್ಯಾಹ್ನ ಮುಚ್ಚಿತ್ತು, ಬಸ್ಸಿಗೆ ಹೊತ್ತಾಗಿತ್ತು, ಔಷಧಿ ಅಂತೂ ಸಿಕ್ಕಿದೆಯಲ್ಲ ಅಂತ ವಾಪಸ್ ಬಂದ್ರು. ಆ ಚೀಟಿ ಅಮ್ಮನ ಪರ್ಸಲ್ಲಿ ನಾಲ್ಕು ಮಡಿಕೆ ಆಗಿ ಉಳಿದುಬಿಡ್ತು. ಆವತ್ತು ಆ ಟೆಸ್ಟ್ ಆಗಿದ್ರೆ ಮೂತ್ರದಲ್ಲಿ ಸಕ್ಕರೆ ಕಾಣ್ತಿತ್ತು, ಮಗು ಇನ್ನೂ ಓಡಾಡ್ಕೊಂಡು ಇದ್ದಾಗ್ಲೇ ಚಿಕಿತ್ಸೆ ಶುರುವಾಗ್ತಿತ್ತು. ನನ್ನ ಪ್ರಕಾರ ಈ ಇಡೀ ಪ್ರಕರಣದ ಮೊದಲನೇ ತಿರುವು ಅದೇ. ಆಮೇಲಿಂದ ನಾನು ಓಪಿಡೀಲಿ ಕೂತಾಗ ಚೀಟಿ ಕೊಟ್ಟು ಕಳ್ಸಲ್ಲ, ಬಾಟ್ಲಿ ಕೊಟ್ಟು ಅಲ್ಲೇ ಸ್ಯಾಂಪಲ್ ತಗೊಂಡು ಸ್ಟ್ರಿಪ್ ಅದ್ದಿ ನೋಡಿಯೇ ಕಳ್ಸೋದು.

ಇದೇ ಹೊತ್ತಲ್ಲಿ ಅಂಗನವಾಡೀಲೂ ಒಂದು ವಿಷಯ ನಡೀತಿತ್ತು. ಟೀಚರ್ ಪುಟ್ಟಿ ಅಮ್ಮಂಗೆ ಎರಡು ಸಲ ಹೇಳಿದ್ರಂತೆ, ಮಗು ಕೊಡದ ಹತ್ರಾನೇ ಕೂತಿರುತ್ತೆ ಕಣಮ್ಮ, ಆಟಕ್ಕೆ ಬರಲ್ಲ, ಮಲಗ್ತೀನಿ ಅನ್ನುತ್ತೆ, ಚಡ್ಡಿ ಎರಡೆರಡು ಸಲ ಬದಲಾಯಿಸ್ತಿದೀವಿ ಅಂತ. ಆ ತಿಂಗಳ ತೂಕ ಹಾಕಿದಾಗ 14.2 ಕೆಜಿ ಬಂತು. ಹಿಂದಿನ ತಿಂಗಳು 16.1 ಇತ್ತು, ಅದರ ಹಿಂದೆ 15.9. ಒಂದೇ ತಿಂಗಳಲ್ಲಿ ಸುಮಾರು ಎರಡು ಕೆಜಿ ಇಳಿಯೋದು ಅಂದ್ರೆ ಆ ವಯಸ್ಸಿನ ಮಗೂಗೆ ಸಣ್ಣ ವಿಷಯ ಅಲ್ಲ, ಆದ್ರೆ ಟೀಚರಿಗೆ ಅನ್ಸಿದ್ದು ತಕ್ಕಡಿ ಕೆಟ್ಟಿರ್ಬೇಕು ಅಂತ. ಅವ್ರು ಅದನ್ನ ಅಲ್ಲಾಡಿಸಿ ಇನ್ನೊಂದು ಸಲ ಹಾಕಿದ್ರು, ಮತ್ತೆ ಅದೇ ಬಂತು, ಬರೆದಿಟ್ಕೊಂಡ್ರು, ಮುಂದಿನ ತಿಂಗಳು ನೋಡೋಣ ಅಂತ ಬಿಟ್ರು. ಮನೇಲಿ ಯುಗಾದಿಗೆ ಎರಡು ದಿನ ಮುಂಚೆ ಲಂಗ ಹಾಕಿ ನೋಡಿದ್ರೆ ಸೊಂಟದಲ್ಲಿ ನಿಲ್ತಿಲ್ಲ, ಜಾರಿ ಕೆಳಗೆ ಬೀಳ್ತಿದೆ. ಹದಿನೈದು ವರ್ಷದಿಂದ ಹೊಲಿಯೋ ಹೆಂಗಸು, ಅವ್ರ ಅಳತೆ ಯಾವತ್ತೂ ತಪ್ಪಿದ್ದಲ್ಲ, ಆದ್ರೂ "ಎಲ್ಲೋ ತಪ್ಪಾಗಿ ಬರ್ಕೊಂಡಿದ್ದೀನಿ" ಅಂತ ಪಕ್ಕದಲ್ಲಿ ಒಂದು ಮಡಿಕೆ ಹಿಡಿದು ಪಿನ್ ಹಾಕಿ ಹಬ್ಬಕ್ಕೆ ಉಡಿಸಿದ್ರು. ಫೋಟೋ ಇದೆ. ಕೆನ್ನೆ ಒಳಗೆ ಹೋಗಿದೆ, ಕಣ್ಣು ಗುಳಿ ಬಿದ್ದಿದೆ, ಈಗ ನೋಡಿದ್ರೆ ಎದ್ದು ಕಾಣುತ್ತೆ. ಆವತ್ತು ಮನೆಗೆ ಬಂದ ನೆಂಟರೆಲ್ಲ "ಹುಡುಗಿ ಉದ್ದ ಆಗ್ತಿದಾಳೆ, ಅದಕ್ಕೆ ಸಣ್ಣ ಆಗಿದಾಳೆ" ಅಂದ್ರಂತೆ. ಊಟ ಮಾತ್ರ ಚೆನ್ನಾಗೇ ಮಾಡ್ತಿದ್ಲು, ಎರಡು ಒಬ್ಬಟ್ಟು ತಿಂದಿದ್ಲು. ಚೆನ್ನಾಗಿ ತಿಂತಾ ಇದ್ರೂ ಮಗು ಇಳೀತಾ ಇದ್ರೆ ಅದೇ ದೊಡ್ಡ ಸುಳಿವು, ತಿಂದಿದ್ದು ಮೈಗೆ ಹತ್ತೋಕೆ ಇನ್ಸುಲಿನ್ ಇಲ್ಲದೆ ಮೈ ತನ್ನದೇ ಕೊಬ್ಬು, ಮಾಂಸ ಕರಗಿಸ್ಕೊಂಡು ಉರೀತಾ ಇರುತ್ತೆ. ಮನೇಲಿ ಇದಕ್ಕೆ ಹೊಟ್ಟೆ ಹುಳ ಅಂತ ಹುಳದ ಔಷಧಿ ಹಾಕಿದ್ರು.

ಇಪ್ಪತ್ತೈದನೇ ದಿನ ಬೆಳಿಗ್ಗೆಯಿಂದ ವಾಂತಿ, ಹೊಟ್ಟೆ ನೋವು. ತಾಲ್ಲೂಕಿನ ಒಂದು ನರ್ಸಿಂಗ್ ಹೋಮಿಗೆ ಕರ್ಕೊಂಡು ಹೋದ್ರೆ ಬಿಸಿಲಿಗೆ ಹೊಟ್ಟೆ ಕೆಟ್ಟಿದೆ ಅಂತ ಒಂದು ಬಾಟ್ಲಿ ಡ್ರಿಪ್ ಹಾಕಿದ್ರು, ಗ್ಲೂಕೋಸ್ ಇರೋ ಡ್ರಿಪ್ಪು. ಉಸಿರು ಜೋರಾಗಿದೆ ಅಂತ ನೆಬ್ಯುಲೈಸರ್ ಕೊಟ್ಟು, ನಿಮೋನಿಯಾ ಶುರು ಇರ್ಬಹುದು ನಾಳೆ ಎಕ್ಸ್‌ರೇ ಮಾಡ್ಸೋಣ ಅಂತ ಸಂಜೆ ಮನೆಗೆ ಕಳ್ಸಿದ್ರು. ಯಾರನ್ನೋ ದೂರೋಕೆ ಇದನ್ನ ಬರೀತಿಲ್ಲ, ಎಲ್ಲಾ ಊರಲ್ಲೂ ಈ ಮಕ್ಕಳು ಹಿಂಗೇ ವಾಂತಿ ಭೇದಿ, ನಿಮೋನಿಯಾ, ಕೆಲವು ಸಲ ಅಪೆಂಡಿಕ್ಸ್ ಅಂತ ದಾರಿ ತಪ್ತಾರೆ. ಆದ್ರೆ ಎರಡು ವಿಷಯ ಅಲ್ಲೇ ಕಣ್ಣೆದುರಿಗಿತ್ತು. ಒಂದು, ಅಷ್ಟು ವಾಂತಿಯಾಗಿ ತುಟಿ ಬಿರಿದು ನಾಲಿಗೆ ಒಣಗಿರೋ ಮಗು ಉಚ್ಚೆ ಕಮ್ಮಿ ಮಾಡ್ಬೇಕು, ಇವಳು ಡ್ರಿಪ್ ಹಾಕೋಕೆ ಮುಂಚೇನೇ ಅಲ್ಲಿ ಬೆಂಚು ಒದ್ದೆ ಮಾಡಿದ್ಲು. ಇನ್ನೊಂದು, ಉಸಿರು ಬರೀ ಜೋರಾಗಿರಲಿಲ್ಲ, ಆಳವಾಗಿತ್ತು, ಓಡಿ ಬಂದವ್ರ ಥರ, ಆದ್ರೆ ಕೆಮ್ಮಿಲ್ಲ, ಜ್ವರ ಇಲ್ಲ, ಎದೇಲಿ ಯಾವ ಶಬ್ದಾನೂ ಇಲ್ಲ. ಕೊಬ್ಬು ಕರಗಿ ಕೀಟೋನ್ ಅನ್ನೋ ಆಮ್ಲ ರಕ್ತದಲ್ಲಿ ತುಂಬಿದಾಗ ಮೈ ಅದನ್ನ ಹೊರಗೆ ಹಾಕೋಕೆ ಹಂಗೆ ಉಸಿರಾಡುತ್ತೆ. ಬಾಯಿ ವಾಸನೇನೂ ಬರುತ್ತೆ, ಅಜ್ಜಿ ಅದನ್ನ ಹೇಳಿದ್ದು "ಮಾಗಿ ಕೊಳೆತ ಬಾಳೆಹಣ್ಣಿನ ಥರ ನಾರ್ತಿತ್ತು, ಎಲ್ಲೋ ಕದ್ದು ತಿಂದೌಳೆ ಅಂದ್ಕೊಂಡೆ" ಅಂತ.

ಇನ್ನು ಬಿಸ್ಕೆಟ್ ಡಬ್ಬಿ ವಿಷಯ. ಆ ರಾತ್ರಿ ಯಾರೂ ನಿದ್ದೆ ಮಾಡಿಲ್ಲ. ಬೆಳಗಿನ ಜಾವ ತಾತ ಬಚ್ಚಲಿಗೆ ಹೋದಾಗ ಮೂಲೇಲಿ ಬಿಸಾಕಿದ್ದ ಒದ್ದೆ ಚಡ್ಡಿ, ದುಪ್ಪಟಿ ಮೇಲೆಲ್ಲ ಇರುವೆ ಸಾಲು. ಅಜ್ಜಿ ನಾಲ್ಕು ದಿನದಿಂದ ಆ ಮೂಲೆಗೆ ಅರಿಶಿನ ಉದುರಿಸ್ತಾ ಇದ್ರಂತೆ, ಯಾರಿಗೂ ಹೇಳಿರಲಿಲ್ಲ, ಇರುವೆ ಅಂದ್ರೆ ಇರುವೆ ತಾನೆ. ತಾತಂಗೆ ಮಾತ್ರ ಅವ್ರಪ್ಪನ ನೆನಪಾಯ್ತು, ಅವ್ರು ಹಿತ್ತಲಲ್ಲಿ ಕೂತು ಎದ್ದ ಜಾಗಕ್ಕೂ ಹಿಂಗೇ ಇರುವೆ ಮುತ್ತುತ್ತಿದ್ವಂತೆ, ಹಿರೀಕರು ಅದನ್ನೇ ನೋಡಿ ಸಕ್ಕರೆ ಕಾಯಿಲೆ ಅಂತಿದ್ರು. ಮಧುಮೇಹ ಅನ್ನೋ ಹೆಸರೇ ಜೇನಿನಂಥ ಮೂತ್ರ ಅಂತ ಅಲ್ವಾ. (ಇರುವೆ ಬಂದಿಲ್ಲ ಅಂದ್ರೆ ಶುಗರ್ ಇಲ್ಲ ಅಂತ ಮಾತ್ರ ಯಾರೂ ತಿಳ್ಕೋಬೇಡಿ, ಟೈಲ್ಸ್ ಬಾತ್‌ರೂಮಲ್ಲಿ ಫ್ಲಶ್ ಮಾಡೋ ಮನೇಲಿ ಎಲ್ಲಿ ಬರ್ಬೇಕು.)

ತಾತ ಡಬ್ಬಿ ತೆಗೆದು ಮಗುವಿನ ಬೆರಳಿಗೆ ಚುಚ್ಚಿ ಸ್ಟ್ರಿಪ್ಪಿಗೆ ಹನಿ ಮುಟ್ಟಿಸಿದ್ರು. ಅಂಕಿ ಬರಲಿಲ್ಲ. ಇಂಗ್ಲಿಷಿನ ಎಚ್ ಮತ್ತೆ ಐ, ಎರಡೇ ಅಕ್ಷರ ಬಂತು. ಅಪ್ಪ "ಸೆಲ್ ಹೋಗೈತೆ ಅನ್ಸುತ್ತೆ" ಅಂತ ಟಿವಿ ರಿಮೋಟಿನ ಸೆಲ್ ಹಾಕೋಕೆ ನೋಡಿದ್ರು, ಅದು ಕೂರಲಿಲ್ಲ. ಇನ್ನೊಂದು ಬೆರಳು, ಇನ್ನೊಂದು ಸ್ಟ್ರಿಪ್ಪು, ಮತ್ತೆ ಅದೇ ಎರಡು ಅಕ್ಷರ. ತಾತ ತಮ್ಮ ಬೆರಳಿಗೆ ಚುಚ್ಕೊಂಡು ನೋಡಿದ್ರು, 168 ಬಂತು. ಮೀಟರ್ ಸರಿಯಾಗೇ ಇದೆ ಅಂತ ಆವಾಗ ಗೊತ್ತಾಯ್ತು. ಮೀಟರ್ ಮಾರಿದ್ದ ಮೆಡಿಕಲ್ ಸ್ಟೋರಿನವ್ರಿಗೆ ಬೆಳಿಗ್ಗೆ ಐದೂವರೆಗೆ ಫೋನ್ ಮಾಡಿದ್ರು, ಅವ್ರು ಒಂದೇ ಮಾತಲ್ಲಿ ಹೇಳಿದ್ರು, ಹಂಗಂದ್ರೆ ಮೀಟರಿಗೆ ಅಳೆಯೋಕಾಗದಷ್ಟು ಜಾಸ್ತಿ ಅಂತ, ನಾಳೆ ನಾಡಿದ್ದು ಅನ್ಬೇಡಿ, ಈಗ್ಲೇ ದೊಡ್ಡಾಸ್ಪತ್ರೆಗೆ ಹೊರಡಿ. ತುಂಬಾ ಮೀಟರಲ್ಲಿ ಆ ಅಕ್ಷರ ಬರೋದು 600 ದಾಟಿದಾಗ. ಅಮ್ಮನ ಟೇಪು, ಅಂಗನವಾಡಿ ತಕ್ಕಡಿ, ತಾತನ ಮೀಟರು, ಮೂರೂ ನಿಜಾನೇ ಹೇಳಿದ್ವು, ಮೂರು ಸಲಾನೂ ಮೊದಲು ಅನುಮಾನ ಬಂದಿದ್ದು ಅವುಗಳ ಮೇಲೇನೇ. ತಾತ ತಮ್ಮ ಬೆರಳು ಚುಚ್ಚಿಕೊಂಡು ಮೀಟರನ್ನ ಪರೀಕ್ಷೆ ಮಾಡಿದ್ರಲ್ಲ, ಆ ಒಂದು ಕೆಲಸ ಮಗುವಿನ ಜೀವ ಉಳಿಸ್ತು ಅಂತ ನಾನು ನಂಬಿದ್ದೀನಿ.

ನಮ್ಮ ವಾರ್ಡಿಗೆ ಬಂದಾಗ ಬೆಳಿಗ್ಗೆ ಏಳೂಕಾಲು. ತೂಕ 13.6, ಕರೆದ್ರೆ ಕಣ್ಣು ಬಿಟ್ಟು ಮತ್ತೆ ಮುಚ್ಚೋದು, ಲ್ಯಾಬಿನ ಶುಗರ್ 638, ರಕ್ತದ ಪಿಎಚ್ (ಆಮ್ಲ ಜಾಸ್ತಿ ಆದಷ್ಟೂ ಇಳಿಯೋ ಅಳತೆ) 7.08, ಅದು 7.3ಕ್ಕಿಂತ ಕೆಳಗೆ ಹೋದ್ರೇನೇ ಕೀಟೋಅಸಿಡೋಸಿಸ್, ಅಂದ್ರೆ ಕೀಟೋನ್ ತುಂಬಿ ರಕ್ತ ಆಮ್ಲ ಆಗೋ ಸ್ಥಿತಿ, 7.1ಕ್ಕಿಂತ ಕೆಳಗೆ ಅಂದ್ರೆ ತೀವ್ರ. ಇಲ್ಲಿ ಅವಸರ ಮಾಡೋ ಹಾಗಿಲ್ಲ. ಒಣಗಿದೆ ಅಂತ ನೀರು ಒಂದೇ ಸಲ ಸುರಿದ್ರೆ, ಸಕ್ಕರೆ ದಬಕ್ಕನೆ ಇಳಿಸಿದ್ರೆ ಅಪಾಯ, ಮಕ್ಕಳಿಗೆ ಮೆದುಳು ಊದೋ ಭಯ ಇರುತ್ತೆ. ಮೊದಲು ಸಲೈನ್, ಸುಮಾರು ಒಂದು ಗಂಟೆ ಆದ್ಮೇಲೆ ಪಂಪಲ್ಲಿ ಇನ್ಸುಲಿನ್ ಸಣ್ಣಗೆ, ಜೊತೆಗೆ ಪೊಟ್ಯಾಸಿಯಂ, ಪ್ರತಿ ಗಂಟೆಗೂ ಶುಗರ್, ಪ್ರತಿ ಗಂಟೆಗೂ ಹೆಸರು ಕರೆದು ತಲೆ ನೋಯ್ತಿದೆಯಾ ಅಂತ ಕೇಳೋದು. ಆ ಹೊತ್ತಲ್ಲಿ ಬಾಯಿಗೆ ಏನೂ ಕೊಡೋ ಹಾಗಿಲ್ಲ, ಮಗು "ನೀರು, ನೀರು" ಅಂತ ಒಂದೇ ಸಮನೆ ಗೋಗರೀತಿತ್ತು. ಮೂರು ವಾರ ಸಂಜೆ ನೀರು ಬೇಡ ಅಂದಿದ್ದ ಅಮ್ಮಂಗೆ ಅದನ್ನ ಕೇಳ್ಕೊಂಡು ಪಕ್ಕದಲ್ಲಿ ಕೂರೋದು ಎಷ್ಟು ಕಷ್ಟ ಆಗಿರ್ಬೇಕು. ಒದ್ದೆ ಹತ್ತಿ ತುಟಿಗೆ ಒತ್ತೋದು ಅವ್ರ ಕೈಗೇ ಕೊಟ್ಟೆ. ಎರಡನೇ ದಿನ ಸಂಜೆ ಹೊತ್ತಿಗೆ ಆಮ್ಲ ಇಳಿದು, ಎದ್ದು ಕೂತು ಮಂಡಕ್ಕಿ ಕೇಳಿದ್ಲು.

ವಾರ್ಡಲ್ಲಿ ಅಜ್ಜಿ ಕೇಳಿದ ಮೊದಲ ಪ್ರಶ್ನೆ, ಒಬ್ಬಟ್ಟು ಕೊಟ್ಟಿದ್ದಕ್ಕೆ ಬಂತಾ ಸಿಸ್ಟರ್. ಇಲ್ಲಜ್ಜಿ, ಸಿಹಿ ತಿಂದು ಬರೋದಲ್ಲ ಇದು, ಮೈಯಿನ ರಕ್ಷಣಾ ಶಕ್ತೀನೇ ಇನ್ಸುಲಿನ್ ಮಾಡೋ ಜೀವಕೋಶಗಳನ್ನ ಹಾಳು ಮಾಡಿಬಿಡುತ್ತೆ, ತಾತಂದು ಬೇರೆ ಥರ, ಇವಳದ್ದು ಬೇರೆ ಥರ, ಇದು ಟೈಪ್ 1. ಅದಕ್ಕೇ ಮಾತ್ರೇಲಿ ಆಗಲ್ಲ. 1922ರ ಜನವರೀಲಿ ಟೊರಾಂಟೋದಲ್ಲಿ ಹದಿನಾಲ್ಕು ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚೋವರೆಗೂ ಈ ಕಾಯಿಲೆ ಬಂದ ಮಕ್ಕಳು ಉಳೀತಾನೇ ಇರಲಿಲ್ಲ, ಇದನ್ನ ನಾನು ಪ್ರತಿ ಮನೆಯವ್ರಿಗೂ ಹೇಳ್ತೀನಿ, ಇಂಜೆಕ್ಷನ್ ಅಂದ್ರೆ ಶಿಕ್ಷೆ ಅನ್ನೋ ಭಾವನೆ ಹೋಗ್ಬೇಕು ಅಂತ.

ಎಂಟು ದಿನಕ್ಕೆ ಮನೆಗೆ ಕಳ್ಸಿದ್ವಿ. ದಿನಕ್ಕೆ ನಾಲ್ಕು ಇಂಜೆಕ್ಷನ್, ಅಮ್ಮ ಎರಡೇ ದಿನಕ್ಕೆ ಕಲಿತ್ರು, ಸೂಜಿ ಹಿಡಿದು ಅಭ್ಯಾಸ ಇರೋ ಕೈ. ಶುಗರ್ 70ಕ್ಕಿಂತ ಕೆಳಗೆ ಹೋಗಿ ಬೆವರು, ನಡುಕ, ಸುಮ್ಮನೆ ರಚ್ಚೆ ಬಂದ್ರೆ ಒಂದು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡ್ಸಿ ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡೋದು, ಪ್ರಜ್ಞೆ ಇಲ್ಲದಿದ್ರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡೋದು, ಇದನ್ನ ಮನೆಯ ನಾಲ್ಕೂ ಜನಕ್ಕೆ ಬಾಯಿಪಾಠ ಮಾಡ್ಸಿದ್ವಿ. ಫ್ರಿಡ್ಜ್ ಇಲ್ಲ, ಹಂಗಾಗಿ ದೊಡ್ಡ ಮಡಕೇಲಿ ಒದ್ದೆ ಮರಳು, ಅದರೊಳಗೆ ಚಿಕ್ಕ ಮಡಕೆ, ಅದರಲ್ಲಿ ಇನ್ಸುಲಿನ್, ಬೇಸಿಗೇಲೂ ತಣ್ಣಗಿರುತ್ತೆ.

ಕಥೆ ಅಲ್ಲಿಗೆ ಮುಗೀಲಿಲ್ಲ, ಎರಡನೇ ಗಂಡಾಂತರ ಒಂದೂವರೆ ತಿಂಗಳಿಗೆ ಬಂತು. ಇನ್ಸುಲಿನ್ ಶುರುವಾದ್ಮೇಲೆ ಉಳಿದಿರೋ ಜೀವಕೋಶ ಸ್ವಲ್ಪ ದಿನ ಚೇತರಿಸ್ಕೊಳ್ಳುತ್ತೆ, ಬೇಕಾಗೋ ಇನ್ಸುಲಿನ್ ತುಂಬಾ ಕಮ್ಮಿ ಆಗುತ್ತೆ, ಶುಗರ್ ಚೆನ್ನಾಗಿ ಬರುತ್ತೆ. ಡಾಕ್ಟ್ರು ಇದಕ್ಕೆ ಹನಿಮೂನ್ ಕಾಲ ಅಂತಾರೆ. ಆ ಹೊತ್ತಲ್ಲೇ ನೆಂಟರೊಬ್ರು ನಾಟಿ ಔಷಧಿ ತಂದು, ನೋಡಿ ಗುಣ ಆಗಿದೆ, ಇನ್ನು ಮಗೂಗೆ ಯಾಕೆ ಚುಚ್ತೀರ ಅಂದ್ರು. ಎರಡು ದಿನ ನಿಲ್ಸಿದ್ರು. ಮೂರನೇ ದಿನ ಬೆಳಿಗ್ಗೆ ಮೀಟರಲ್ಲಿ 390 ಬಂತು, ಈ ಸಲ ಯಾರೂ ಮೀಟರ್ ಮೇಲೆ ಅನುಮಾನ ಪಡಲಿಲ್ಲ, ಅಮ್ಮ ನಂಗೆ ಫೋನ್ ಮಾಡಿ ಅಳ್ತಾನೇ ಆಸ್ಪತ್ರೆಗೆ ಹೊರಟ್ರು, ವಾಂತಿ ಶುರುವಾಗೋಕೆ ಮುಂಚೇನೇ ಸಿಕ್ಕಿದ್ಲು. ತಪ್ಪು ನಮ್ಮದೂ ಇತ್ತು, ಹನಿಮೂನ್ ವಿಷಯ ಡಿಸ್ಚಾರ್ಜ್ ದಿನ ಗಡಿಬಿಡೀಲಿ ನಾವು ಹೇಳೇ ಇರಲಿಲ್ಲ. ಈಗ ಅದನ್ನ ಮೊದಲ ವಾರದಲ್ಲೇ, ಅಜ್ಜ ಅಜ್ಜಿ ಎಲ್ಲಾ ಕೂತಿರುವಾಗ್ಲೇ ಹೇಳ್ತೀವಿ.

ನಮ್ಮಲ್ಲಿ ಬದಲಾಗಿದ್ದು ಇನ್ನೊಂದಿದೆ. ವಾಂತಿ, ಜೋರು ಉಸಿರು, ಮಂಪರು, ಇದ್ರಲ್ಲಿ ಯಾವುದೇ ಒಂದು ಇಟ್ಕೊಂಡು ಬಂದ ಮಗೂಗೆ ಕ್ಯಾಶುಯಾಲ್ಟಿ ಬಾಗಿಲಲ್ಲೇ ಬೆರಳಿಗೆ ಚುಚ್ಚಿ ನೋಡ್ತೀವಿ, ಡ್ರಿಪ್ ಯಾವುದು ಅಂತ ತೀರ್ಮಾನ ಅದಾದ್ಮೇಲೆ. ಲಕ್ಷಣ ಇದ್ದು ಯಾವ ಹೊತ್ತಲ್ಲಾದ್ರೂ 200 ದಾಟಿದ್ರೆ ಸಾಕು, ನಾಳೆ ಖಾಲಿ ಹೊಟ್ಟೇಲಿ ಬನ್ನಿ ಅಂತ ವಾಪಸ್ ಕಳ್ಸಬಾರ್ದು, ಅದೇ ದಿನ ಮಕ್ಕಳ ಡಾಕ್ಟ್ರ ಕೈ ಸೇರ್ಬೇಕು, ಚಿಕ್ಕ ಮಕ್ಕಳು ಒಂದೆರಡು ದಿನದಲ್ಲೇ ಕುಸಿದು ಹೋಗ್ತಾರೆ. ಇಟಲಿಯ ಪಾರ್ಮಾ ಪ್ರಾಂತ್ಯದಲ್ಲಿ 1990ರ ದಶಕದಲ್ಲಿ ಶಾಲೆಗಳಲ್ಲಿ, ಮಕ್ಕಳ ಡಾಕ್ಟ್ರ ಕ್ಲಿನಿಕ್ಕಲ್ಲಿ ಬಾಯಾರಿಕೆ, ಹಾಸಿಗೆ ಒದ್ದೆ ಅಂತ ಪೋಸ್ಟರ್ ಹಚ್ಚಿದ್ರು, ಕೀಟೋಅಸಿಡೋಸಿಸ್ ಆಗೋವರೆಗೂ ಗೊತ್ತಾಗದೆ ಉಳೀತಿದ್ದ ಹೊಸ ಪ್ರಕರಣ ನೂರಕ್ಕೆ 78 ಇದ್ದಿದ್ದು 12.5ಕ್ಕೆ ಇಳೀತು. ಆ ಅಂಕಿ ನೋಡಿದ್ಮೇಲೆ ನಾನು ನಮ್ಮ ಸುತ್ತಲಿನ ಅಂಗನವಾಡಿ ಟೀಚರುಗಳ ಸಭೆಗೆ ಹೋಗಿ ಬರೋಕೆ ಶುರು ಮಾಡಿದೆ. ಪುಟ್ಟಿ ಟೀಚರೂ ಬಂದಿದ್ರು, ಆ ರಿಜಿಸ್ಟರ್ ತಂದು 16.1 ಪಕ್ಕ 14.2 ಇರೋ ಪುಟ ಎಲ್ರಿಗೂ ತಾವೇ ತೋರ್ಸಿದ್ರು.

ಹೋದ ತಿಂಗಳು ಅವ್ರೇ ಫೋನ್ ಮಾಡಿದ್ರು. ಒಬ್ಬ ಮೂರು ವರ್ಷದ ಹುಡುಗ, ಒಂದು ವಾರದಿಂದ ಪದೇ ಪದೇ ಉಚ್ಚೆಗೆ ಹೋಗ್ತಾನೆ, ತೂಕ ಮಾತ್ರ ಇಳಿದಿಲ್ಲ, ಕಾಯ್ಲಾ ಏನ್ಮಾಡ್ಲಿ ಸಿಸ್ಟರ್ ಅಂತ. ಕಾಯ್ಬೇಡಿ, ಆಶಾ ಹತ್ರ ಮೀಟರ್ ಇದ್ರೆ ಈಗ್ಲೇ ನೋಡಿ, ಫೋನ್ ಇಡ್ಬೇಡಿ ಅಂದೆ. ಹುಡುಗ ಚುಚ್ಚಿದ್ದಕ್ಕೆ ಕಿರುಚಿದ್ದು ಫೋನಲ್ಲೇ ಕೇಳಿಸ್ತು. 96 ಬಂತು. ಮಾರನೇ ದಿನ ಮೂತ್ರ ಪರೀಕ್ಷೇಲಿ ಸೋಂಕು ಅಂತ ಗೊತ್ತಾಗಿ ಔಷಧಿ ಕೊಟ್ವಿ, ವಾರಕ್ಕೆ ವಾಸಿ ಆಯ್ತು.